ಕೊನೆಯ ಸಾಲಿಗೆ ಕೇಳಿಸಿದ ಗಿಟಾರ್

ಕಳೆದ ವರ್ಷ ಕಚೇರಿಯ ವಾರ್ಷಿಕೋತ್ಸವದಲ್ಲಿ ಗುಮಾಸ್ತ ರಾಧಾಕೃಷ್ಣ ಹತ್ತು ನಿಮಿಷ ಗಿಟಾರ್ ನುಡಿಸಿದ್ದ. ಕೇಳಿಸಿದ್ದು ಅವನೊಬ್ಬನಿಗೆ. ಕೊನೆಯ ಸಾಲಿನಲ್ಲಿದ್ದ ಹೆಂಡತಿ ನೀರಜಾಕ್ಷಿ, ಗಂಡ ಹೊಟ್ಟೆ ತುರಿಸಿಕೊಳ್ಳುತ್ತಿದ್ದಾನೆಂದೇ ತಿಳಿದಿದ್ದಳು. ಈ ವರ್ಷ ವಾರ್ಷಿಕೋತ್ಸವದ ದಿನ ಬೆಳಗಿನ ಕಾಫಿಯ ಜೊತೆಗೆ ತೀರ್ಪನ್ನೂ ಕೊಟ್ಟಳು.

"ಇವತ್ತು ನನಗೆ ಕೊನೇ ಸಾಲಿನಲ್ಲಿ ಕೇಳಬೇಕು. ಇಲ್ಲದಿದ್ರೆ ನಾಳೆ ಆ ಗಿಟಾರ್ ಅಟ್ಟಕ್ಕೆ. ಆ ಮೂಲೆಯಲ್ಲಿ ಅಕ್ಕಿಮುಡಿ ಇಡ್ಲಿಕ್ಕುಂಟು."

ಪಾಪ, ಅವನ ಬದುಕಿನಲ್ಲಿ ಇದ್ದದ್ದು ಅದೊಂದೇ ಸುಖ. ಮಧ್ಯಾಹ್ನವೇ ಫಳ್ನೀರಿನ ಸಭಾಂಗಣಕ್ಕೆ ಓಡಿದ. ಕಂಕನಾಡಿಯ ಮೈಕ್ ಸೆಟ್ಟಿನ ಮೊಯ್ದೀನಬ್ಬ ಆಗಲೇ ಗ್ರಾಮಫೋನ್ ಪ್ಲೇಟು ಹಾಕಿ ಹಾರ್ನಿನಲ್ಲಿ ಹಾಡು ಬಿಟ್ಟಿದ್ದ. ಸಭೆ ಶುರುವಾಗುವವರೆಗೆ ಪ್ಲೇಟು, ಆಮೇಲೆ ಮೈಕು. ಊರಿಗೆಲ್ಲ ಗೊತ್ತಿದ್ದ ಶಾಸ್ತ್ರ ಅದು.

ಮೈಕನ್ನು ದೂರ ಇಟ್ಟರೆ ಗಿಟಾರಿಗಿಂತ ಫ್ಯಾನು ಜೋರಾಗಿ ಕೇಳಿತು. ಸೌಂಡು ಏರಿಸಿದರೆ ಹಾರ್ನು ಕೂಯ್ ಎಂದು ಕಿರುಚಿತು. ಹರಿಕತೆಗೆ ಮೈಕು ಕಟ್ಟಿಸಿದ ಅನುಭವವಿದ್ದ ಹೆಡ್‌ಗುಮಾಸ್ತ ಯಜ್ಞನಾರಾಯಣರು, "ಗಿಟಾರಿನ ತೂತಿಗೇ ನೇರ ಹಿಡಿ ಮಾರಾಯ" ಎಂದರು. ಹಿಡಿದರೆ ಗಿಟಾರ್ ಮದ್ದಳೆಯಾಯಿತು. "ಕುತ್ತಿಗೆ ಕಡೆಗೆ ಇಟ್ಟು ನೋಡಿ" ಎಂದಳು ಟೈಪಿಸ್ಟ್ ಉಮಾವತಿ. ತಂತಿಯ ಮೇಲೆ ಬೆರಳು ಜಾರುವ ಕಿಚ್‌ಕಿಚ್ ಮಾತ್ರ ಕೇಳಿಸಿ, ಅಕ್ಕಿಡಬ್ಬಕ್ಕೆ ಇಲಿ ಹೊಕ್ಕಂತಾಯಿತು. ರಾಧಾಕೃಷ್ಣನಿಗೆ ಅಳು ಬಂತು.

ಐದು ಗಂಟೆಗೆ ಅವನ ಕಣ್ಣು ಗ್ರಾಮಫೋನಿನ ಮೇಲೆ ಬಿತ್ತು.

"ಮೊಯ್ದೀನಬ್ಬ, ಈ ಸೂಜಿ ಇರುವ ಪಿಕಪ್ಪು ಪ್ಲೇಟನ್ನು ಮುಟ್ಟಿಯೇ ಅಲ್ವಾ ಹಾಡುವುದು? ನನ್ನ ಗಿಟಾರಿಗೆ ಮುಟ್ಟಿಸಿದ್ರೆ?"

"ಸೂಜಿ ಮುರಿದ್ರೆ ನನ್ನ ಕತೆ ಎಂತ?" ಎಂದು ಗೊಣಗುತ್ತಲೇ ಮೊಯ್ದೀನಬ್ಬ ಪಿಕಪ್ಪನ್ನು ಬಿಚ್ಚಿದ. ಗಾಯಕ್ಕೆ ಹಾಕುವ ಪಟ್ಟಿಯಿಂದ ಅದನ್ನು ಗಿಟಾರಿನ ಮೈಗೆ ಅಂಟಿಸಿ ಒಂದು ತಂತಿ ಮೀಟಿದ್ದೇ ತಡ, ಸಭಾಂಗಣವೆಲ್ಲ ಗಂಟೆಯಂತೆ ಮೊಳಗಿತು.

"ವಯರು ಕಾಣಬಾರದು, ಮ್ಯಾನೇಜರಿಗೆ ಆಗುವುದಿಲ್ಲ" ಎಂದು ಯಜ್ಞನಾರಾಯಣರು ವಯರನ್ನು ಜಮಖಾನೆಯಡಿಗೆ ತಳ್ಳಿ, ಮೈಕನ್ನೂ ವೇದಿಕೆಯಿಂದ ಇಳಿಸಿದರು.

ಸಂಜೆ ಸಭೆಯಲ್ಲಿ ನುಡಿಸಿದ ಹಾಗೆ ರಾಧಾಕೃಷ್ಣ ಜನ್ಮದಲ್ಲಿ ನುಡಿಸಿರಲಿಲ್ಲ. ವರ್ಷವಿಡೀ ತಿದ್ದಿದ್ದ ರಾಗ ಒಂದು ತಪ್ಪೂ ಇಲ್ಲದೆ ಹರಿಯಿತು. ಜನ ಚಪ್ಪಾಳೆ ತಟ್ಟಿದರು. ಅವನು ನೇರ ಕೊನೆಯ ಸಾಲಿಗೆ ಓಡಿದ.

"ಕೇಳಿಸಿತಾ?"

"ಕೇಳಿಸಿತು. ಒಳ್ಳೆ ಪ್ಲೇಟು."

"ಪ್ಲೇಟಲ್ಲ ಮಾರಾಯ್ತಿ, ನಾನು ಬಾರಿಸಿದ್ದು."

"ಎದುರು ಮೈಕೇ ಇರಲಿಲ್ಲ, ಹಾರ್ನಿನಲ್ಲಿ ಸೌಂಡು ಬಂತು. ಅಷ್ಟೂ ಗೊತ್ತಾಗುವುದಿಲ್ವಾ ನಮಗೆ? ಮತ್ತೆ, ಒಂದು ತಪ್ಪೂ ಇಲ್ಲ. ನೀವು ಬಾರಿಸಿದ್ರೆ ಹಾಗೆ ಬರ್ತದಾ? ಅಷ್ಟು ಜನರೆದುರು ಸುಮ್ಮನೆ ಕೈ ಆಡಿಸಿದ್ರಲ್ಲ, ನನಗೇ ನಾಚಿಕೆಯಾಯ್ತು."

ಸಾಕ್ಷಿ ಹೇಳಿಸಲು ಅವಳನ್ನು ಮೊಯ್ದೀನಬ್ಬನ ಬಳಿಗೆ ಕರೆದೊಯ್ದ. ಅಲ್ಲಿ ನಾಲ್ಕು ಜನ ಸುತ್ತುವರಿದು, ಮದುವೆಗೆ ಅದೇ ಪ್ಲೇಟು ಬೇಕೆನ್ನುತ್ತಿದ್ದರು. ಮೊಯ್ದೀನಬ್ಬ ರಾಧಾಕೃಷ್ಣನ ಮುಖ ನೋಡಿ, ಕೆಮ್ಮಿ, "ಆ ಪ್ಲೇಟು ನನ್ನ ಹತ್ರ ಮಾತ್ರ ಉಂಟು" ಎಂದ.

ಮರುದಿನ ಬೆಳಗ್ಗೆ ರಾಧಾಕೃಷ್ಣ ಗಿಟಾರ್ ಹಿಡಿದು ಏಣಿ ಹತ್ತುತ್ತಿದ್ದಾಗ ಅಂಗಳದಲ್ಲಿ ಮೊಯ್ದೀನಬ್ಬನ ಸೈಕಲ್ಲು ನಿಂತಿತು.

"ಭಾನುವಾರ ದೇರೆಬೈಲಿನಲ್ಲಿ ಮದುವೆ, ಬರಬೇಕು" ಎಂದು ಅವನು ತಗ್ಗಿದ ಧ್ವನಿಯಲ್ಲಿ ಹೇಳಿದ. "ಪರದೆ ಹಿಂದೆ ಕೂತ್ರೆ ಸಾಕು. ನಿಮ್ಮನ್ನು ಯಾರೂ ನೋಡಬಾರದು, ಅಷ್ಟೆ."