ನನ್ನ ಏಳು ಸೂತ್ರ, ಅವಳ ಒಂದು ಓವರ್

ಅವತ್ತು ಮಂಡ್ಯದ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಮಳೆ ಬರಬಹುದಿತ್ತು. ಮಳೆ ಬಾರದೆ ಬಿಸಿಲಿಗೆ ತಲೆ ಸುತ್ತಬಹುದಿತ್ತು. ನನ್ನ ಹೆಂಡತಿಯ ಕಾಲು ಉಳುಕಬಹುದಿತ್ತು, ಭುಜದ ಕೀಲು ತಪ್ಪಬಹುದಿತ್ತು. ಅಂಪೈರು ಮದ್ದೂರಿನವರ ನೆಂಟನಾಗಿರಬಹುದಿತ್ತು! ಇವಿಷ್ಟನ್ನೂ ನಾನು ಮೂರು ವಾರ ಮೊದಲೇ ಶ್ರದ್ಧೆಯಿಂದ ಚಿಂತಿಸಿ ಮುಗಿಸಿದ್ದೆ. ಚಿಂತೆ ಮಾಡುವ ಕೆಲಸಕ್ಕೆ ನಾನು ಎಂದೂ ರಜೆ ಹಾಕಿದವನಲ್ಲ.

ನನ್ನ ಹೆಂಡತಿ ಸುನಂದಾ ಮಳವಳ್ಳಿಯಲ್ಲಿ ಗಣಿತದ ಟೀಚರ್. ತಾಲ್ಲೂಕಿನ ಶಿಕ್ಷಕಿಯರ ಕ್ರಿಕೆಟ್ ತಂಡದಲ್ಲಿ ಸ್ಪಿನ್ ಬೌಲರ್. ಕಳೆದ ವರ್ಷ ಮದ್ದೂರಿನವರ ಎದುರು ಒಂದೇ ಓವರಿನಲ್ಲಿ ಒಂಬತ್ತು ವೈಡ್ ಹಾಕಿದ್ದಳು. "ಮೇಡಮ್, ನಿಮ್ ಓವರ್ ಮುಗಿಯೋದ್ರೊಳಗೆ ನಾವು ಊಟ ಮಾಡ್ಕೊಂಡ್ ಬತ್ತೀವಿ" ಎಂದು ಅವರ ಕ್ಯಾಪ್ಟನ್ ಹೇಳಿದ ಮಾತು ಇವಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಈ ವರ್ಷ ಮಂಡ್ಯದಲ್ಲಿ ಮತ್ತೆ ಅವರೇ ಎದುರಾಳಿಗಳು; ಪಂದ್ಯಕ್ಕೆ ಮೂರು ವಾರ ಉಳಿದಿತ್ತು.

"ಗೆಲ್ಲೋದೂ ಬ್ಯಾಡ, ವಿಕೆಟ್ಟೂ ಬ್ಯಾಡ ಕಣ್ರೀ. ವೈಡ್ ಇಲ್ದೆ ಒಂದು ಓವರ್ ಹಾಕ್ಬುಟ್ರೆ ಸಾಕು" ಅಂದಳು.

"ಅಷ್ಟೇ ತಾನೆ? ನಾನಿದ್ದೀನಲ್ಲ!" ಅಂದೆ.

ನನ್ನ ಅರ್ಹತೆ ಸಾಮಾನ್ಯವಲ್ಲ. ಕಾಲೇಜು ತಂಡದಲ್ಲಿ ಮೂರು ವರ್ಷ ಹನ್ನೆರಡನೆಯ ಆಟಗಾರ. ಮೈದಾನಕ್ಕೆ ನೀರು ಹೊತ್ತವನು. ಕ್ರಿಕೆಟ್ಟನ್ನು ಅಷ್ಟು ಬಿಡುವಾಗಿ ಕೂತು ನೋಡಿದವರು ಜಿಲ್ಲೆಯಲ್ಲೇ ಅಪರೂಪ!

ಸುನಂದಳದು ವಿಚಿತ್ರ ಶೈಲಿ. ಎರಡೇ ಹೆಜ್ಜೆ ನಡೆದು, ತಲೆ ವಾಲಿಸಿ, ಮಣಿಕಟ್ಟನ್ನು ಗರ್ರನೆ ತಿರುಗಿಸಿ ಚೆಂಡು ಬಿಡುವಳು. ಅದು ನೆಲಕ್ಕೆ ಬಿದ್ದದ್ದೇ ಎಡಕ್ಕೆ ಒಂದು ಮೊಳ ತಿರುಗಿ ಹೋಗುತ್ತಿತ್ತು. ರೋಗ ತಿರುಗುವುದರಲ್ಲೇ ಇದೆ ಎಂದು ತೀರ್ಮಾನಿಸಿ ಏಳು ಸೂತ್ರಗಳನ್ನು ಬರೆದುಕೊಟ್ಟೆ. ಒಂದು: ತೋಳು ಕಿವಿಗೆ ತಾಗತಕ್ಕದ್ದು. ಎರಡು: ಮಣಿಕಟ್ಟು ಅನಾವಶ್ಯಕವಾಗಿ ತಿರುಗತಕ್ಕದ್ದಲ್ಲ. ಉಳಿದ ಐದೂ ಇದೇ ಗಾಂಭೀರ್ಯದವು.

ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ತರಬೇತಿ ಶುರುವಾಯಿತು. ಮೊದಲ ಚೆಂಡಿಗೇ ತೋಳು ಕಿವಿಗೆ ತಾಗಿತು, ಕಿವಿಯ ಓಲೆಗೆ ರವಿಕೆ ತೋಳಿನ ದಾರ ಸಿಕ್ಕಿಕೊಂಡಿತು, ಚೆಂಡು ಮುಂದಕ್ಕೆ ಹೋಗದೆ ಹಿಂದಕ್ಕೆ ಹಾರಿತು! ಪಕ್ಕದ ಮನೆಯ ನಿಂಗೇಗೌಡರು ಬಂಡೂರು ಟಗರಿಗೆ ನೀರು ಕುಡಿಸುತ್ತಿದ್ದರು. ಚೆಂಡು ಬಕೆಟ್ಟಿಗೇ ಬಿತ್ತು.

"ಏನ್ ಸಾರ್, ಟೀಚರಮ್ಮೋರ್ ಕೈಲಿ ನನ್ ಟಗರ್‌ಗೆ ಗುರಿ ಇಡುಸ್ತಿದ್ದೀರಾ?"

"ಇಲ್ಲ ಗೌಡ್ರೆ, ಗುರಿ ಸರಿಮಾಡ್ತಿದ್ದೀನಿ."

"ಸರಿಯಾಗೇ ಅದೆ ಬುಡಿ! ಬಕೀಟ್ ಬಾಯಿಗೇ ಬಿತ್ತಲ್ಲ!"

ಎರಡನೆಯ ವಾರಕ್ಕೆ ಏಳೂ ಸೂತ್ರ ಮೈಗೂಡಿದವು. ಚೆಂಡು ತಿರುಗುವುದನ್ನು ಪೂರ್ತಿ ಬಿಟ್ಟಿತು. ಒಳ್ಳೆಯ ಮನೆತನದ ಹುಡುಗಿಯ ಹಾಗೆ ನೇರವಾಗಿ, ನಿಧಾನವಾಗಿ ಬಂತು. ಬ್ಯಾಟು ಹಿಡಿದಿದ್ದ ನಾನು ಬೀಸಿದೆ. ಆಚೆಯ ಕಬ್ಬಿನ ಗದ್ದೆಗೆ ಹೋಯಿತು. ಐವತ್ತನೆಯ ವಯಸ್ಸಿನಲ್ಲಿ ಜೀವಮಾನದ ಮೊದಲ ಸಿಕ್ಸರ್! ಕುಣಿದೆ.

ಅವಳು ಕುಣಿಯಲಿಲ್ಲ. "ನೀವೇ ಹಿಂಗ್ ಹೊಡುದ್ರೆ, ಮದ್ದೂರಿನವ್ರು ಬುಟ್ಟಾರಾ?" ಎಂದಷ್ಟೇ ಹೇಳಿ ಒಳಗೆ ಹೋದಳು.

ಆ ಸಂಜೆ ಪೆಚ್ಚಾಗಿ ಅಡುಗೆಮನೆ ಬಾಗಿಲಲ್ಲಿ ಕೂತಿದ್ದೆ. ಅವಳು ಕೈ ಒದ್ದೆ ಮಾಡಿಕೊಂಡು, ತಲೆ ವಾಲಿಸಿ, ಮಣಿಕಟ್ಟನ್ನು ಗರ್ರನೆ ತಿರುಗಿಸಿ ಮಣೆಯ ಮೇಲೆ ಮುದ್ದೆ ಕಟ್ಟುತ್ತಿದ್ದಳು. ಮುದ್ದೆ ಬುಗುರಿಯಂತೆ ತಿರುಗುತ್ತಿತ್ತು.

"ಇದೇ! ಇದೇ ಕೈ! ಚೆಂಡನ್ನೂ ಹಿಂಗೇ ಬಿಡು!" ಎಂದು ಕೂಗಿದೆ.

"ಮೊದ್ಲು ಹಿಂಗೇ ತಾನೆ ಬುಡ್ತಿದ್ದದ್ದು? ತಪ್ಪು ಅಂದೋರ್ ಯಾರು?"

ನಾನು ತಿರುಗುವ ಮುದ್ದೆಯನ್ನೇ ನೋಡತೊಡಗಿದೆ. ಅವಳೇ ಒಂದು ನಿಮಿಷ ಯೋಚಿಸಿ, "ಒಂದ್ ಮೊಳ ಎಡಕ್ಕೆ ತಿರುಗ್ತದೆ ಅಂದ್ರೆ ಒಂದ್ ಮೊಳ ಬಲಕ್ಕೆ ಬೀಳ್ಸುದ್ರಾಯ್ತು. ಐದನೇ ಕ್ಲಾಸಿನ ಲೆಕ್ಕ ಕಣ್ರೀ!" ಅಂದಳು. ನನ್ನ ಏಳು ಸೂತ್ರಗಳು ಒಲೆ ಒರೆಸಲು ಬಳಕೆಯಾದವು.

ಮಂಡ್ಯದ ಮೈದಾನದಲ್ಲಿ ಅವಳ ಕೈಗೆ ಚೆಂಡು ಬಂದಾಗ ನನಗೊಂದು ಹೊಸ ಚಿಂತೆ ಹೊಳೆಯಿತು. ಒಣಕೈಯಲ್ಲಿ ಯಾರಾದರೂ ಮುದ್ದೆ ಕಟ್ಟುತ್ತಾರೆಯೇ? ಚೊಂಬಿನಲ್ಲಿ ನೀರು ತುಂಬಿಕೊಂಡು ಓಡಿದೆ.

"ಯಾರ್ರೀ ಅದು ಚೊಂಬು ಇಡ್ಕಂಡ್ ಬತ್ತಾವ್ರೆ? ಚೆಂಡ್ ಒದ್ದೆ ಮಾಡಂಗಿಲ್ಲ, ನಡೀರಿ ಆಚೆಗೆ!" ಎಂದರು ಅಂಪೈರು. ಮೂವತ್ತು ವರ್ಷಗಳ ನಂತರವೂ ಮೈದಾನದಲ್ಲಿ ನನಗೆ ನೀರಿನ ಕೆಲಸವೇ!

ಐದು ಚೆಂಡು ಹೋದವು, ಒಂದೂ ವೈಡಿಲ್ಲ. ಆರನೆಯದಕ್ಕೆ ಎದುರು ನಿಂತದ್ದು ಅದೇ ಮದ್ದೂರಿನ ಕ್ಯಾಪ್ಟನ್. ಚೆಂಡು ಬಲಕ್ಕೆ ದೂರ ಬಿತ್ತು. ಮುಗೀತು ಎಂದು ಕಣ್ಣು ಮುಚ್ಚಿದೆ. ಟಕ್ ಎಂದಿತು. ತೆರೆದು ನೋಡಿದರೆ ಸ್ಟಂಪು ಮಲಗಿತ್ತು!

"ಓವರ್ ಮುಗೀತು ಮೇಡಮ್, ಊಟಕ್ಕೆ ಹೋಗ್ಬನ್ನಿ" ಅಂದಳು ಸುನಂದಾ. ಆಕೆಯೂ ನಕ್ಕು ಇವಳ ಕೈ ಕುಲುಕಿದಳು.

ಬಸ್ಸು ಕೆಡಲಿಲ್ಲ. ಮಳೆ ಬರಲಿಲ್ಲ. ಕಾಲು, ಭುಜ ಎಲ್ಲ ಕ್ಷೇಮ. ಮನೆಗೆ ಬಂದ ಮೇಲೆ, "ಗೆದ್ದ ಕೈಗೆ ಇವತ್ತು ವಿಶ್ರಾಂತಿ, ಮುದ್ದೆ ನಾನು ಕಟ್ತೀನಿ. ಮೂರು ವಾರ ಈ ಕೈಯನ್ನೇ ಅಭ್ಯಾಸ ಮಾಡಿದ್ದೀನಿ" ಎಂದೆ. ಕೈ ಒದ್ದೆ ಮಾಡಿಕೊಂಡು, ತಲೆ ವಾಲಿಸಿ, ಮಣಿಕಟ್ಟು ತಿರುಗಿಸಿದೆ. ಮುದ್ದೆ ಮಣೆಯಿಂದ ಜಾರಿ, ತಟ್ಟೆಯನ್ನು ದಾಟಿ, ಉರುಳಿಕೊಂಡು ಹೋಗಿ ಗ್ಯಾಸ್ ಸಿಲಿಂಡರಿಗೆ ಬಡಿದು ನಿಂತಿತು.

ಸುನಂದಾ ಅಂಪೈರಿನ ಹಾಗೆ ಎರಡೂ ಕೈಗಳನ್ನು ಅಗಲಕ್ಕೆ ಚಾಚಿ ನಿಂತಳು.