ತೇಲುವ ಮೆಟ್ಟಿಲು

ಮನೆ ಕಟ್ಟುವುದು ಕಷ್ಟ ಎನ್ನುವವರಿಗೆ ಶಿಸ್ತಿಲ್ಲ ಎಂದು ನಾನು ನಂಬಿದ್ದ ಕಾಲವದು. ತಾಳವಾಡಿಯ ಒಂದು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ಏಳುವುದಕ್ಕೆ, ಉಣ್ಣುವುದಕ್ಕೆ, ನಗುವುದಕ್ಕೆ ಕೂಡ ನನ್ನಲ್ಲಿ ಹೊತ್ತು ಗೊತ್ತಿತ್ತು. ಇಂಥ ಮನುಷ್ಯ ತನ್ನೂರು ತಿಗನಾರೆಯಲ್ಲಿ ಒಂದು ಮನೆ ಕಟ್ಟಲಾರನೇ?

ಎಪ್ಪತ್ತರ ದಶಕದ ಕೊನೆ. ಘಟ್ಟದ ಕೆಳಗೆ ಅಣೆಕಟ್ಟೆಯ ಪಕ್ಕದಲ್ಲಿ ಒಂದು ಅತಿಥಿಗೃಹವಿತ್ತು. ಶಾಲೆಯ ಪ್ರವಾಸ ಹೋದಾಗ ಮಕ್ಕಳು ನೀರು ನೋಡಿದರು, ನಾನು ಕಟ್ಟಡ ನೋಡಿದೆ. ಹೆಂಚಿಲ್ಲ, ಕೆತ್ತನೆಯ ಕಂಬವಿಲ್ಲ. ಚಪ್ಪಟೆ ತಾರಸಿ ಯಾವ ಆಸರೆಯೂ ಇಲ್ಲದೆ ಮುಂದಕ್ಕೆ ಚಾಚಿ ಬಾಗಿಲಿಗೆ ನೆರಳು ಹಿಡಿದಿತ್ತು. ಗೋಡೆಯ ಸಿಮೆಂಟು ಜಾಲರಿಯಿಂದ ಇಳಿದ ಬಿಸಿಲು ಮೊಸಾಯಿಕ್ ನೆಲದ ಮೇಲೆ ರಂಗೋಲಿ ಹಾಕಿತ್ತು. ಬಾಗಿಲಿಗೆ ಹತ್ತುವ ಮೆಟ್ಟಿಲುಗಳಂತೂ! ಒಂದೊಂದೂ ಬರಿಯ ಹಲಗೆ, ನಡುವೆ ಬರಿಯ ಗಾಳಿ. ತೇಲುತ್ತಿದ್ದವು! ಒಂದು ಗೆರೆಯೂ ಹೆಚ್ಚಿಲ್ಲದ ಕಟ್ಟಡ. ಸಿಮೆಂಟೇ ಅಟೆನ್ಷನ್ನಿನಲ್ಲಿ ನಿಂತ ಹಾಗೆ. ನನ್ನ ಕಣ್ಣು ತುಂಬಿ ಬಂತು.

ನನ್ನ ಮನೆಯೂ ತಾರಸಿ, ಜಾಲರಿ, ಮೆಟ್ಟಿಲು ಸಮೇತ ಹೀಗೆಯೇ ಇರಬೇಕೆಂದು ಮತ್ತೆ ಮತ್ತೆ ಬಸ್ಸಿನಲ್ಲಿ ಘಟ್ಟ ಇಳಿದು ಅಳತೆ ತಂದೆ. "ಮೆಟ್ಲು ಸಂದು ಮುಚ್ಬ್ಯಾಡ್ವಾ ಸಾ?" ಎಂದ ಗಾರೆ ಮೇಸ್ತ್ರಿ. "ಮುಚ್ಚಿದರೆ ಮೆಟ್ಟಿಲು, ಮುಚ್ಚದಿದ್ದರೆ ಕಲೆ" ಎಂದೆ. ಅವನು ತಲೆ ಕೆರೆದುಕೊಂಡು ಗಾರೆ ಕಲಸಲು ಹೋದ.

ಗೃಹಪ್ರವೇಶದ ಬೆಳಿಗ್ಗೆ ನನ್ನ ಹೆಂಡತಿ ರಾಜಮ್ಮ ಹಾಲಿನ ಪಾತ್ರೆ ಹಿಡಿದು ಅಂಗಳದಲ್ಲಿ ನಿಂತು ಘೋಷಿಸಿದಳು: "ಮೊದ್ಲು ಅಸ ಒಳಕ ಓಗ್ಬೇಕು. ಅದು ಓಗ್ನಿಲ್ಲ ಅಂದ್ರ ನಾ ಒಲೆ ಅಚ್ಚಲ್ಲ. ಅಳೇ ಮನೇಲೇ ಇದ್ಬುಡ್ತೀನಿ. ನೀವು ನಿಮ್ ತಾರ್ಸಿ ತಬ್ಕೊಂಡು ಮನಿಕೊಳಿ!"

ನಮ್ಮ ಹಸು ಗೌರಿ ಕೊರಳಿಗೆ ಹೂವು, ಕೊಂಬಿಗೆ ಅರಿಸಿನ ಹಚ್ಚಿಕೊಂಡು ಗಂಭೀರವಾಗಿ ಬಂದಳು. ಮೆಟ್ಟಿಲ ಸಂದಿಗೆ ಮೂಗು ಚಾಚಿದಳು. ಅಲ್ಲಿನ ತಂಪಿನಲ್ಲಿ ಪಕ್ಕದ ಮನೆಯ ಮಾದಪ್ಪಣ್ಣನ ನಾಯಿ ಮಲಗಿತ್ತು. ಅದು ಒಂದು ಕಣ್ಣು ತೆರೆಯಿತು. ಗೌರಿ ಹಿಂದಕ್ಕೆ ಹಾರಿದಳು. ಚಪ್ಪರದ ಬಾಳೆಕಂದೂ ಅವಳ ಜೊತೆಗೆ ಹೋಯಿತು!

ನಾಯಿಯನ್ನು ಓಡಿಸಿದೆವು. ಆದರೆ ಗೌರಿಗೆ ಸಂದಿನ ಗುಟ್ಟು ತಿಳಿದುಹೋಗಿತ್ತು. ಬೆಲ್ಲ ತೋರಿಸಿದೆವು. ನಿಂತಲ್ಲಿಂದಲೇ ಕತ್ತು ಚಾಚಿ ತಿಂದಳು.

"ಮೇಷ್ಟ್ರೇ," ಎಂದ ಮಾದಪ್ಪಣ್ಣ, "ಆನೆ ಬರ್ಬಾರ್ದು ಅಂತ ನಾವು ಒಲದ ಸುತ್ತ ಕಂದಕ ತೋಡ್ತೀವಿ. ಅಸ ಬರ್ಬಾರ್ದು ಅಂತ ನೀವು ಮೆಟ್ಲು ಕಟ್ಟಿದ್ದೀರಿ. ಬಲೇ ತಲೆ ಕಣ!"

"ಇದು ಹೊಸ ಮಾದರಿ, ಮಾದಪ್ಪಣ್ಣ."

"ಅಸ ಅಳೇ ಮಾದ್ರಿದು ಕಣ!"

ಅಭ್ಯಾಸಬಲದಿಂದ ಸೀಟಿ ಊದಿದೆ. ನೆರೆದವರಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಗಳೆಲ್ಲ ಸಾಲಾಗಿ ನಿಂತರು. ಗೌರಿ ನಿಲ್ಲಲಿಲ್ಲ, ಮಲಗಲು ಜಾಗ ಹುಡುಕಿದಳು.

"ಇಂದ್ಗಡೆ ಬಾಗ್ಲಿಂದ ಒಡ್ಕೊಂಡೋಗಿ" ಎಂದರು ಪೂಜೆಗೆ ಬಂದಿದ್ದ ಅಯ್ಯನವರು. ಹಿತ್ತಿಲ ಬಾಗಿಲಿಗೂ ತೇಲುವ ಮೆಟ್ಟಿಲು! ಶಿಸ್ತು ಎಂದರೆ ಎಲ್ಲ ಕಡೆಗೂ ಒಂದೇ ಅಲ್ಲವೇ?

ಕೊನೆಗೆ ಮೆಟ್ಟಿಲ ಮೇಲೆ, ತಾರಸಿ ಹಾಕುವಾಗ ಆಸರೆಗೆ ಬಳಸಿದ್ದ ಸೆಂಟ್ರಿಂಗ್ ಹಲಗೆ ಹಾಸಿದೆವು. ಹಸುವಿಗೆ ಧೈರ್ಯ ತುಂಬಲು ಮೊದಲು ನಾನೇ ಹತ್ತಿದೆ. ಹಲಗೆ ಜಾರಿತು. ಪಂಚೆ ಮೊಳೆಗೆ ಸಿಕ್ಕಿ ಮೇಲೆ ಉಳಿಯಿತು, ನಾನು ಮಾತ್ರ ಕೆಳಗೆ ಬಂದೆ. ಒಳಗೆ ಡ್ರಿಲ್ ಚಡ್ಡಿ ಇದ್ದದ್ದು ದೀರ್ಘಕಾಲದ ಶಿಸ್ತಿನ ಫಲ.

"ಒಳ್ಳೆ ಗಳ್ಗೆ ಮುಗೀತಾ ಬಂತು" ಎಂದರು ಅಯ್ಯನವರು. ರಾಜಮ್ಮ ಹಾಲಿನ ಪಾತ್ರೆ ಎತ್ತಿಕೊಂಡು ಹಳೆಯ ಮನೆಯ ದಾರಿ ಹಿಡಿದಳು. ಅವಳು ಬೈಯುತ್ತ ಹೋಗಿದ್ದರೆ ಭಯವಿರಲಿಲ್ಲ. ಸುಮ್ಮನೆ ಹೋಗುತ್ತಿದ್ದಳು! ತೇಲುವ ಮೆಟ್ಟಿಲಿನ ಮನೆಯಲ್ಲಿ ಒಬ್ಬನೇ ಮುದ್ದೆ ತೊಳಸುತ್ತ ಕೂತ ನನ್ನ ಚಿತ್ರ ಕಣ್ಣಮುಂದೆ ಬಂತು.

"ಮಣ್ಣು ಹಾಕಿ!" ಎಂದು ಕೂಗಿದೆ.

ಇಂಥ ಆಜ್ಞೆಗೇ ಕಾದಿದ್ದವರಂತೆ ನೆಂಟರಿಷ್ಟರು ಪಾಯದಿಂದ ತೆಗೆದಿದ್ದ ಮಣ್ಣನ್ನು ಮಂಕರಿಗಳಲ್ಲಿ ತಂದು ಸುರಿದರು. ನನ್ನ ಕಲೆ ಒಂದೊಂದೇ ಹಲಗೆಯಾಗಿ ಸಮಾಧಿಯಾಯಿತು. ಮಾದಪ್ಪಣ್ಣ ಅದರ ಮೇಲೆ ನಿಂತು ತುಳಿದು ತುಳಿದು ಗಟ್ಟಿ ಮಾಡಿದ. ಇಷ್ಟು ಉತ್ಸಾಹ ಬೇಕಿರಲಿಲ್ಲ!

ಗೌರಿ ಆ ಇಳಿಜಾರನ್ನು ಮೂಸಿ ನೋಡಿ, ಮನೆಯ ಹಿರಿಯಳಂತೆ ಮೇಲೇರಿ ಹೊಸ್ತಿಲು ದಾಟಿದಳು. ರಾಜಮ್ಮ ಅರ್ಧ ದಾರಿಯಿಂದ ಓಡಿ ಬಂದು ಅವಳ ಹಿಂದೆ ಒಳಗೆ ಹೋದಳು. ಒಲೆ ಹತ್ತಿತು, ಹಾಲು ಉಕ್ಕಿತು. ನನ್ನ ಸಂಸಾರ ಉಳಿಯಿತು!

ಇನ್ನಾದರೂ ಅತಿಥಿಗಳಿಗೆ ಜಾಲರಿಯ ಸೊಗಸನ್ನು ವಿವರಿಸೋಣವೆಂದು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಗೌರಿ ತಣ್ಣನೆಯ ಮೊಸಾಯಿಕ್ಕಿನ ನಟ್ಟನಡುವೆ, ಬಿಸಿಲಿನ ರಂಗೋಲಿಯ ಮೇಲೆಯೇ, ಮಲಗಿಬಿಟ್ಟಳು. ನನ್ನ ವಿನ್ಯಾಸವನ್ನು ಮನಸಾರೆ ಮೆಚ್ಚಿದ ಮೊದಲ ಜೀವ!

ಎಬ್ಬಿಸಲು ಹೋದೆ. "ಎಬ್ಬಿಸ್ಬ್ಯಾಡಿ! ಲಕ್ಸ್ಮಿ ತಾನಾಗೇ ಮನಗವ್ಳೆ" ಎಂದಳು ರಾಜಮ್ಮ. ಊಟದ ಎಲೆಗಳು ಅಂಗಳಕ್ಕೆ ಹೋದವು. ಬಂದವರು ಹೊರಗೇ ಉಂಡು, ಕಿಟಕಿಯಿಂದ ಹಸುವಿಗೆ ಕೈಮುಗಿದು ಹೊರಟರು. ತಾರಸಿಯನ್ನು ಯಾರೂ ತಲೆಯೆತ್ತಿ ನೋಡಲಿಲ್ಲ.

ಸಂಜೆಯ ಹೊತ್ತಿಗೆ ಗೌರಿ ಎದ್ದು, ಮಾಡಬೇಕಾದದ್ದನ್ನು ಮಾಡಿ, ಹೊರಗೆ ಹೋದಳು. ರಾಜಮ್ಮ ನನ್ನ ಕೈಗೆ ಬುಟ್ಟಿ ಕೊಟ್ಟಳು. ಹೊಸ ಮಾದರಿಯ ನೆಲದ ಮೇಲೆ ನಾನು ಮಾಡಿದ ಮೊದಲ ಕೆಲಸ ಸಗಣಿ ಬಾಚಿದ್ದು. ಪಾಲಿಷ್ ಚೆನ್ನಾಗಿತ್ತು, ಒಂದೇ ಸಲಕ್ಕೆ ಎದ್ದು ಬಂತು. ಅಷ್ಟರ ಮಟ್ಟಿಗೆ ವಿನ್ಯಾಸ ಗೆದ್ದಿತೆನ್ನಬೇಕು.