ಎರಡು ಕೋಲು ಹಿಡಿದು ನಡೆದದ್ದು

ಎಸ್ಟೇಟಿನಲ್ಲಿ ರೈಟರ್ ಆಗಿ ಆಳುಗಳ ಹಾಜರಿ ಬರೆದೇ ಆಯುಸ್ಸು ಕಳೆದ ನನಗೆ, ನಿವೃತ್ತಿಯಾದ ಮೇಲೆ ಸುಂಟಿಕೊಪ್ಪದಲ್ಲಿ ಸುಮ್ಮನೆ ನಡೆಯುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಮನೆಯಿಂದ ಹೊರಟರೆ ಏನಾದರೊಂದು ಆಗಿಯೇ ತೀರುತ್ತದೆ. ಮಂಡಿ ನೋವಿಗೆ ಡಾಕ್ಟರಮ್ಮ ಎರಡೂ ಕೈಯಲ್ಲಿ ಕೋಲು ಹಿಡಿದು ನಡೆಯಲು ಹೇಳಿದ್ದರು. "ಭಾರ ಕೈಗೂ ಹಂಚಿಹೋಗುತ್ತೆ, ಬೆನ್ನು ನೆಟ್ಟಗಿರುತ್ತೆ, ಇಳಿಜಾರಲ್ಲಿ ಬೀಳಲ್ಲ." ಬೀಳುವ ಭಯ ನನಗೆ ಮೊದಲೇ ಇತ್ತು. ಅಂದೇ ಒಪ್ಪಿಕೊಂಡೆ.

೧. ನೋಡಲು ಬಂದವರು

ಮೊದಲ ದಿನ ಅಂಗಡಿ ಬೀದಿಯಲ್ಲಿ ಒಂದು ಸುತ್ತು ಹಾಕಿ ಬಂದೆ. ಮಧ್ಯಾಹ್ನಕ್ಕೆ ಪಕ್ಕದ ಮನೆಯಾಕೆ ಬ್ರೆಡ್ಡು, ಬಾಳೆಹಣ್ಣು ಹಿಡಿದು ಬಂದರು.

"ಯಾವ ಕಾಲು?"

"ಎರಡೂ ಇದೆ. ಇದು ವ್ಯಾಯಾಮ."

ಅವರು ನನ್ನನ್ನು ಬಿಟ್ಟು ಅಡುಗೆಮನೆಗೆ ಹೋಗಿ ನನ್ನ ಹೆಂಡತಿಗೆ ಮೆಲ್ಲಗೆ ಹೇಳಿದರು: "ಅವರಿಗೆ ಇನ್ನೂ ವಿಷಯ ತಿಳಿಸಿಲ್ವಾ? ಒಳ್ಳೇದಾಯ್ತು ಬಿಡಿ."

ಆ ವಾರವಿಡೀ ನಾನು ಹೆಂಡತಿಯ ಮುಖವನ್ನೇ ನೋಡುತ್ತ ಕಳೆದೆ.

೨. ಬಸ್ಸು

ಮಡಿಕೇರಿ ರಸ್ತೆಯಲ್ಲಿ ಸುಧಾರಿಸಿಕೊಳ್ಳಲು ನಿಂತಿದ್ದೆ. ಬಸ್ಸು ನಿಂತಿತು. ಕಂಡಕ್ಟರ್ ಇಳಿದು ಬಂದು ರಟ್ಟೆ ಹಿಡಿದ. "ನಿಧಾನ ಅಜ್ಜ, ನಿಧಾನ." ಒಬ್ಬಾಕೆ ಎದ್ದು ಸೀಟು ಕೊಟ್ಟಳು. ಬಸ್ಸಿನವರೆಲ್ಲ ಮರುಗುತ್ತ ನೋಡುವಾಗ, ನನಗೇನೂ ಆಗಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ಕುಶಾಲನಗರದವರೆಗೂ ಹೋದೆ. ಅಲ್ಲಿಯೂ ಅವನೇ ಕೈಹಿಡಿದು ಇಳಿಸಿದ.

ಬಸ್ಸು ಮರೆಯಾಗುವ ತನಕ ಕುಂಟಿದೆ.

೩. ಹೆಜ್ಜೆ ಗುರುತು

ಜನರ ಸಹವಾಸವೇ ಬೇಡವೆಂದು ಎಸ್ಟೇಟಿನ ಮಣ್ಣುರಸ್ತೆ ಹಿಡಿದೆ. ಆನೆ ಇಳಿಯುವ ದಾರಿ. ಎದೆ ಡವಗುಟ್ಟುತ್ತಿತ್ತು, ಮಂಡಿ ಮಾತ್ರ ಹಗುರಾಗಿತ್ತು.

ಮೂರನೇ ದಿನ ಬೆಳಿಗ್ಗೆ ನಡೆದು ಬಂದು ಕೂತಿದ್ದೆ. ಕಾಫಿ ಪಿಕ್ಕಿಂಗಿನ ಹೆಂಗಸರು ತೋಟಕ್ಕಿಳಿಯದೆ ನಮ್ಮ ಗೇಟಿನ ಹತ್ತಿರ ಗುಂಪಾಗಿ ನಿಂತರು.

"ಮಣ್ಣುರಸ್ತೇಲಿ ಯಾವುದೋ ಹೊಸ ಪ್ರಾಣಿ ಬಂದಿದೆ ಸಾರ್. ಗುಂಡು ಗುಂಡು ಹೆಜ್ಜೆ, ಬೆರಳೇ ಇಲ್ಲ. ಪಕ್ಕದಲ್ಲೇ ಯಾರದೋ ಶೂ ಗುರುತು. ಪಾಪ, ಅವನ ಗತಿ ಏನಾಯ್ತೋ."

ಅದೇ ದಾರಿಯಲ್ಲಿ ಈಗಷ್ಟೇ ನಡೆದು ಬಂದಿದ್ದೆನಲ್ಲ. ಒಳಗೆ ಓಡಿ ಚಿಲಕ ಹಾಕಿಕೊಂಡೆ. ಆ ಶೂನವನಿಗಾಗಿ ದೇವರಿಗೂ ಕೈಮುಗಿದೆ. ಹೆಂಡತಿ ಧೈರ್ಯ ಬರಲೆಂದು ಕಾಫಿ ಕೊಟ್ಟಳು.

ಸ್ವಲ್ಪ ಹೊತ್ತಿಗೆ ಫಾರೆಸ್ಟ್ ಗಾರ್ಡ್ ನೆಲ ನೋಡುತ್ತ ನೋಡುತ್ತ ನಮ್ಮ ಅಂಗಳಕ್ಕೇ ಬಂದ. ಜಗಲಿಯಲ್ಲಿ ಒರಗಿಸಿಟ್ಟ ಕೋಲುಗಳ ಕೆಸರು ನೋಡಿದ. ಕಿಟಕಿಯಲ್ಲಿ ನನ್ನನ್ನೂ ನೋಡಿದ. ಆಮೇಲೆ ಫೋನು ತೆಗೆದು ಮೇಲಧಿಕಾರಿಗೆ ವರದಿ ಒಪ್ಪಿಸಿದ:

"ಪ್ರಾಣಿ ಸಿಕ್ತು ಸಾರ್. ಕಾಲು ನಾಲ್ಕು, ಎರಡಕ್ಕೆ ಶೂ ಹಾಕಿದೆ. ಈಗ ಒಳಗೆ ಕಾಫಿ ಕುಡೀತಿದೆ. ನಮ್ಮನ್ನ ಕಂಡು ಅದಕ್ಕೇ ಹೆದರಿಕೆ."